ಪ್ರಾಂಗ್‌ಹಾರ್ನ್ ಶಿಕಾರಿಗೆ ಸಣ್ಣ ಕ್ಯಾಲಿಬರ್: ಕೋವಿಗಿಂತ ಮೊದಲು ಗುಂಡು ನೋಡಿ

ಆಗಸ್ಟ್ ಬಂತು ಅಂದ್ರೆ ನಮ್ಮ ಅಂಗಡೀಲಿ ಇದೇ ಪ್ರಶ್ನೆ. ನಾನು ಕೊಲೊರಾಡೊದ ಉತ್ತರದ ತುದೀಲಿ ಕೋವಿ ರಿಪೇರಿ ಕೆಲಸ ಮಾಡ್ತೀನಿ, ಇಲ್ಲಿಂದ ವಯೋಮಿಂಗ್ ಗಡಿ ಮುಕ್ಕಾಲು ಗಂಟೆ ದಾರಿ, ಹಾಗಾಗಿ ಎರಡೂ ರಾಜ್ಯದ ಶಿಕಾರಿಯವ್ರು ಬರ್ತಾರೆ. ಈಗೀಗ ಡೆನ್ವರ್ ಕಡೆಯ ನಮ್ಮ ಕನ್ನಡದ ಹುಡುಗ್ರೂ ವರ್ಷಕ್ಕೆ ಮೂರ್ನಾಲ್ಕು ಜನ ಬಂದು "ಅಣ್ಣಾ, ಪ್ರಾಂಗ್‌ಹಾರ್ನ್ ಟ್ಯಾಗ್ ಸಿಕ್ಕಿದೆ, ಟೂ ಟ್ವೆಂಟಿ ತ್ರೀ ಸಾಕಾಗತ್ತಾ?" ಅಂತಾರೆ. ಟ್ಯಾಗ್ ಅಂದ್ರೆ ಒಂದು ಪ್ರಾಣಿ ಹೊಡೆಯೋಕೆ ಕೊಡೋ ಪರವಾನಗಿ, ಟೂ ಟ್ವೆಂಟಿ ತ್ರೀ ಅಂದ್ರೆ .223, ಸಣ್ಣ ಗುಂಡಿನ ಕೋವಿ. ಸಾಕಾಗತ್ತೆ ಅಂದ್ರೂ ತಪ್ಪು, ಆಗಲ್ಲ ಅಂದ್ರೂ ತಪ್ಪು.

ಮೊದಲು ಪ್ರಾಣಿ. ಇಲ್ಲಿನವ್ರು ಆಂಟಿಲೋಪ್ ಅಂತ ಕರೀತಾರೆ, ಊರಿಂದ ಬಂದವ್ರು ಫೋಟೋ ನೋಡಿ ನಮ್ಮ ಕೃಷ್ಣಮೃಗದ ದಾಯಾದಿ ಅನ್ಕೋತಾರೆ, ಎರಡೂ ಅಲ್ಲ. ಅದರ ಕುಲದಲ್ಲಿ ಇವತ್ತು ಉಳಿದಿರೋದು ಅದೊಂದೇ, ಬದುಕಿರೋ ಹತ್ತಿರದ ನೆಂಟ್ರು ಅಂದ್ರೆ ಜಿರಾಫೆ ಮತ್ತೆ ಒಕಾಪಿ. ಗಂಟೆಗೆ 85 ಕಿಲೋಮೀಟರ್ ಮೇಲೆ ಓಡತ್ತೆ, ಆದ್ರೆ ಮೈ ಸಣ್ಣದು, ಸುಮಾರು 40ರಿಂದ 60 ಕೆಜಿ, ಪಕ್ಕೆಲುಬೂ ತೆಳು. ಎಲ್ಕ್ ಅನ್ನೋ ದೊಡ್ಡ ಜಿಂಕೆಗೆ ಬೇಕಾದ ಮದ್ದಿನ ಜೋರು ಇದಕ್ಕೆ ಬೇಡ. ಹೃದಯ, ಶ್ವಾಸಕೋಶ ಇರೋ ಜಾಗ ಎಂಟೊಂಬತ್ತು ಇಂಚು, ಅಂದ್ರೆ ತಿಂಡಿ ತಟ್ಟೆಯಷ್ಟು, ಈಡು ಅಲ್ಲೇ ಬೀಳ್ಬೇಕು.

ಇನ್ನು ಕಾನೂನು, ಎಡವೋದೇ ಇಲ್ಲಿ. ಕೊಲೊರಾಡೊದಲ್ಲಿ ಪ್ರಾಂಗ್‌ಹಾರ್ನ್‌ಗೆ ಕನಿಷ್ಠ .24 ಕ್ಯಾಲಿಬರ್ (ಅಂದ್ರೆ ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ), ಕನಿಷ್ಠ 70 ಗ್ರೇನ್‌ನ ಗುಂಡು, ಅದೂ ಒಳಗೆ ಹೋಗಿ ಅರಳೋ ಥರದ್ದು, ಜೊತೆಗೆ 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಇರ್ಬೇಕು. ಹಾಗಾಗಿ ಟೂ ಟ್ವೆಂಟಿ ತ್ರೀ ಇಲ್ಲಿ ನಡಿಯಲ್ಲ, ಮಾತೇ ಇಲ್ಲ. ಗಡಿ ದಾಟಿ ವಯೋಮಿಂಗ್‌ಗೆ ಹೋದ್ರೆ .22 ಸೆಂಟರ್‌ಫೈರ್ (ತೋಟಾದ ತಳದ ನಡುವಿಗೆ ಹೊಡೆದು ಸಿಡಿಸೋ ಥರದ್ದು, ಟೂ ಟ್ವೆಂಟಿ ತ್ರೀ ಅಂಥದ್ದೇ) ಕೂಡ ನಡಿಯತ್ತೆ, ಆದ್ರೆ ಗುಂಡು 60 ಗ್ರೇನ್‌ಗೆ ಕಮ್ಮಿ ಇರ್ಬಾರ್ದು. ಸೂಪರ್‌ಮಾರ್ಕೆಟ್ ಶೆಲ್ಫಲ್ಲಿ ಸಿಗೋ ಮಾಮೂಲಿ 55 ಗ್ರೇನ್ ಡಬ್ಬಿ ಎತ್ಕೊಂಡು ಹೋದ್ರೆ ಅಲ್ಲೂ ದಂಡವೇ. ಗ್ರೇನ್ ಅಂದ್ರೆ ಗಾಬರಿ ಬೇಡ, ಹದಿನೈದೂವರೆ ಗ್ರೇನ್ ಹತ್ತಿರ ಹತ್ತಿರ ಒಂದು ಗ್ರಾಂ. ಗುಂಡಿನ ತೂಕ ಅದು, ಮದ್ದಿನದ್ದಲ್ಲ. ನಿಯಮ ಬದಲಾಗ್ತಿರತ್ತೆ, ಆ ವರ್ಷದ ಪುಸ್ತಕ ತೆಗೆದು ನೋಡಿ.

"ಸರಿ ಅಣ್ಣಾ, 60 ಗ್ರೇನ್ ಮೇಲಿನ್ದೇ ತಗೊಂಡೆ, ಆಯ್ತಲ್ಲ?" ಆಗಲಿಲ್ಲ. ಹೋದ ವರ್ಷ ಒಬ್ರು ಅವ್ರ ಮಾವನ ಹಳೇ .22-250 ತಂದ್ರು, ಅದೂ .22 ಗುಂಡಿನದ್ದೇ, ಚಂದದ ಕೋವಿ, ಒಳ್ಳೇ ಆಕ್ರೋಟ್ ಮರದ ಹಿಡಿ, "ಎಷ್ಟು ಗುರಿ ಇಟ್ರೂ ಗುಂಡು ಎಲ್ಲೆಲ್ಲೋ ಹೋಗತ್ತೆ, ಸ್ಕೋಪ್ ಹಾಳಾಗಿದೆ ಅನ್ಸತ್ತೆ" ಅಂತ. ರೇಂಜಿಗೆ ಹೋಗಿ ಹೊಡೆದು ನೋಡಿದ್ರೆ ಪೇಪರ್ ಮೇಲೆ ದುಂಡು ತೂತೇ ಇಲ್ಲ, ಗುಂಡು ಅಡ್ಡಕ್ಕೆ ಮಲಗಿ ಹೋದ ಉದ್ದನೆ ಸೀಳು! ನಳಿಗೆ ಒಳಗೆ ಸುರುಳಿ ಗೆರೆ ಇರತ್ತಲ್ಲ, ಗುಂಡು ಗಿರಗಿರ ತಿರುಗೋದು ಅದರಿಂದ. ಹಳೇ .22-250ಗಳಲ್ಲಿ ಗುಂಡು 14 ಇಂಚಿಗೆ ಒಂದು ಸುತ್ತು ತಿರುಗತ್ತೆ, ಗಿಡ್ಡ ಹಗುರ ಗುಂಡಿಗೆ ಅಷ್ಟು ಸಾಕು. ಇವ್ರು ಹಾಕಿದ್ದು ಉದ್ದನೆಯ ತಾಮ್ರದ ಗುಂಡು, ತಾಮ್ರ ಸೀಸಕ್ಕಿಂತ ಹಗುರ ಆದ್ದರಿಂದ ಅದೇ ತೂಕಕ್ಕೆ ಗುಂಡು ಇನ್ನೂ ಉದ್ದ ಆಗತ್ತೆ, ಬಿರುಸು ಸಾಲದ ಬುಗುರಿ ತೂಗಾಡಿ ಬೀಳಲ್ವಾ, ಹಾಗೇ. ಭಾರದ .22 ಗುಂಡಿಗೆ 8 ಇಂಚಿಗೆ ಒಂದು ಸುತ್ತಿನ ನಳಿಗೆ ಇದ್ರೆ ನೆಮ್ಮದಿ. ನಳಿಗೆ ಮೇಲೆ ಬರ್ದಿಲ್ಲ ಅಂದ್ರೆ ಖಾಲಿ ಕೋವಿಗೆ ಕ್ಲೀನಿಂಗ್ ರಾಡ್‌ನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಿಧಾನ ತಳ್ಳಿ, ರಾಡ್ ಮೇಲೆ ಪೆನ್ನಲ್ಲಿ ಒಂದು ಗುರುತು ಹಾಕ್ಕೊಂಡು ಅದು ಪೂರ್ತಿ ಒಂದು ಸುತ್ತು ಬರೋಕೆ ಎಷ್ಟು ಇಂಚು ಒಳಗೆ ಹೋಯ್ತು ಅಂತ ಅಳೀರಿ, ಮುಗೀತು.

ಇನ್ನು ನನ್ನದೇ ಪಾಪ ಹೇಳ್ಬಿಡ್ತೀನಿ. ಸುಮಾರು ಹನ್ನೆರಡು ವರ್ಷದ ಹಿಂದೆ, .243 ಕೋವಿ, 75 ಗ್ರೇನ್ ಗುಂಡು, ಕಾನೂನಿಗೆ ಪಕ್ಕಾ. ಆದ್ರೆ ಅದು ವಾರ್ಮಿಂಟ್ ಗುಂಡು, ಪ್ರೇರಿ ಡಾಗ್ ಅನ್ನೋ ಬಿಲದ ಅಳಿಲು, ಕಯೋಟಿ ಅನ್ನೋ ಸಣ್ಣ ತೋಳ, ಆ ಥರದ್ದಕ್ಕೆ ಅಂತ ಮಾಡಿರೋದು, ಹೊರಗಿನ ತಾಮ್ರದ ಪದರ ತೆಳ್ಳಗೆ, ತಾಗಿದ ತಕ್ಷಣ ಪುಡಿಪುಡಿ ಆಗ್ಲಿ ಅಂತಾನೇ ಮಾಡಿದ್ದು. ಅಗ್ಗಕ್ಕೆ ಸಿಕ್ತು, ಪೇಪರ್ ಮೇಲೆ ಚೆನ್ನಾಗಿ ಕೂತಿತ್ತು, ಅದನ್ನೇ ಒಯ್ದೆ. 110 ಗಜದಲ್ಲಿ ಒಂದು ಹೆಣ್ಣು ನಿಂತಿತ್ತು, ಹೊಡೆದೆ, ಭುಜದ ಮೂಳೆಗೆ ತಾಗ್ತು, ಬಿತ್ತು, ಎದ್ದು ಮೂರು ಕಾಲಲ್ಲಿ ಓಡ್ತು. ಒಂದೂವರೆ ಗಂಟೆ ಅದರ ಬೆನ್ನು ಹತ್ತಿ ಎರಡನೇ ಈಡು ಹೊಡೀಬೇಕಾಯ್ತು. ಚರ್ಮ ಬಿಡಿಸಿದಾಗ ಭುಜದ ಮೇಲೆ ಅಂಗೈ ಅಗಲದ ಗಾಯ, ಆಳ ಎರಡು ಬೆರಳೂ ಇಲ್ಲ, ಮಾಂಸದ ತುಂಬಾ ತಾಮ್ರದ ಚೂರು, ಒಂದೇ ಒಂದು ಚೂರೂ ಶ್ವಾಸಕೋಶ ಮುಟ್ಟಿರ್ಲಿಲ್ಲ. ಡಬ್ಬಿ ಮೇಲೆ ವಾರ್ಮಿಂಟ್ ಅಂತ ದಪ್ಪ ಅಕ್ಷರದಲ್ಲೇ ಬರ್ದಿತ್ತು. ಓದಿದ್ದೆ ಕೂಡ.

ಅದಕ್ಕೇ ನಾನು ಕೌಂಟರಲ್ಲಿ ಕ್ಯಾಲಿಬರ್ ಕೇಳೋಕೆ ಮುಂಚೆ ಗುಂಡು ಕೇಳ್ತೀನಿ. 55 ಗ್ರೇನ್ ವಾರ್ಮಿಂಟ್ ಹಾಕಿದ .22-250 ಇದಕ್ಕೆ ಬೇಡ್ವೇ ಬೇಡ, ಅದೇ ವಯೋಮಿಂಗಲ್ಲಿ ಸಣ್ಣ ಟೂ ಟ್ವೆಂಟಿ ತ್ರೀಲಿ ಒಡೆಯದೆ ಅರಳೋ ಗಟ್ಟಿ 60-70 ಗ್ರೇನ್ ಗುಂಡು ಹಾಕಿ, 150 ಗಜದ ಒಳಗೆ, ಪ್ರಾಣಿ ಅಡ್ಡಲಾಗಿ ನಿಂತಾಗ ಪಕ್ಕೆಗೆ ಕೊಟ್ರೆ ಕೆಲಸ ಆಗತ್ತೆ. ಆಗತ್ತೆ, ಆದ್ರೆ ಮೊದಲನೇ ಸಲದವ್ರಿಗೆ ಅದನ್ನ ಕೊಡಲ್ಲ ನಾನು. .243 ವಿಂಚೆಸ್ಟರ್ ಕೊಡ್ತೀನಿ, 1955ರಲ್ಲಿ ಬಂದಿದ್ದು, .308 ಅನ್ನೋ ದೊಡ್ಡ ತೋಟಾದ ಲೋಹದ ಕೇಸಿನ ಕತ್ತು ಕಿರಿದು ಮಾಡಿದ್ದು, 90-100 ಗ್ರೇನ್‌ನ ಗುಂಡು ಎಲ್ಲಾ ಕಡೆ ಸಿಗತ್ತೆ. ಭುಜಕ್ಕೆ ಬೀಳೋ ಒದೆತ .30-06 ಅನ್ನೋ ದೊಡ್ಡ ತೋಟಾದ ಸುಮಾರು ಅರ್ಧ, ಹಾಗಾಗಿ ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚೋ ಚಾಳಿ ಹತ್ತಲ್ಲ. .25-06 ಈ ಬಯಲಿಗೆ ಇನ್ನೂ ಚೆಂದ, ಆದ್ರೆ ತೋಟಾ ಹುಡುಕ್ಬೇಕು. 6.5 ಕ್ರೀಡ್‌ಮೂರ್ ಅನ್ನೋ ತೋಟಾ ಬಗ್ಗೆ ನಾನೇನು ಹೇಳೋದು, ಇಡೀ ಅಮೆರಿಕಾನೇ ಹೇಳ್ತಾ ಇದೆ.

ಇಷ್ಟೆಲ್ಲಾ ಮಾತಾಡಿ ಎಲ್ರೂ ಮರೆಯೋದು ಗಾಳಿ. ವಯೋಮಿಂಗಲ್ಲಿ ಗಾಳಿ ನಿಂತ್ರೆ ಕೋಳಿಗಳು ಬಿದ್ದೋಗ್ತವೆ ಅಂತ ಅಲ್ಲಿನವ್ರೇ ತಮಾಷೆ ಮಾಡ್ತಾರೆ. ಗಂಟೆಗೆ 10 ಮೈಲಿ ಅಡ್ಡಗಾಳಿಗೆ 300 ಗಜದಲ್ಲಿ ಹಗುರ 55 ಗ್ರೇನ್ ಟೂ ಟ್ವೆಂಟಿ ತ್ರೀ ಸುಮಾರು 14 ಇಂಚು ಪಕ್ಕಕ್ಕೆ ಹೋಗತ್ತೆ, .243ರ 100 ಗ್ರೇನ್ ಸುಮಾರು 8, ಕ್ರೀಡ್‌ಮೂರ್‌ನ 143 ಗ್ರೇನ್ 6ರ ಆಸುಪಾಸು. ಗಾಳಿ 20 ಆದ್ರೆ ಎಲ್ಲಾ ಡಬಲ್. ಈಗ ಆ ತಿಂಡಿ ತಟ್ಟೆ ನೆನಪಿಸ್ಕೊಳ್ಳಿ, .243 ಕೂಡ 16 ಇಂಚು ಸರಿದ್ರೆ ಗುಂಡು ಹೊಟ್ಟೇಲಿ. ಬಯಲು ಚಪ್ಪಟೆ ಕಾಣೋದ್ರಿಂದ ದೂರ ಕಣ್ಣಿಗೆ ಸಿಗಲ್ಲ, ನೂರೈವತ್ತು ಅನ್ಕೊಂಡಿದ್ದು ಲೇಸರಲ್ಲಿ ಮುನ್ನೂರು ತೋರಿಸತ್ತೆ. ಹಳ್ಳ ಹಿಡಿದು ತೆವಳಿ 200ರ ಒಳಗೆ ಹೋದವ್ರಿಗೆ ನನ್ನ ಕೌಂಟರಿನ ಯಾವ ಕೋವಿಯಾದ್ರೂ ಸಾಕು. .243ನ 100 ಗಜದಲ್ಲಿ ಒಂದೂವರೆ ಇಂಚು ಮೇಲಕ್ಕೆ ಕೂರಿಸಿದ್ರೆ 200ರಲ್ಲಿ ಸರಿಯಾಗಿ ಬೀಳತ್ತೆ.

ಎಚ್-1ಬಿ ವೀಸಾದವ್ರಿಗೆ ಒಂದು ಮಾತು. ನಿಮ್ಮ ವೀಸಾದಲ್ಲಿ ಕೋವಿ, ತೋಟಾ ಇಟ್ಕೊಳ್ಳೋದೇ ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಚಾಲ್ತಿಯಲ್ಲಿರೋ ಶಿಕಾರಿ ಲೈಸೆನ್ಸ್ ಇದ್ರೆ ವಿನಾಯ್ತಿ ಇದೆ. ಅದರ ಅವಧಿ ಮುಗಿದ್ರೆ ವಿನಾಯ್ತಿನೂ ಮುಗೀತು, ಹಾಗಾಗಿ ಮೊದ್ಲು ಹಂಟರ್ ಎಜುಕೇಶನ್ ಕ್ಲಾಸು, ಆಮೇಲೆ ಲೈಸೆನ್ಸು, ಆಮೇಲೇ ಅಂಗಡಿ. ಗ್ರೀನ್ ಕಾರ್ಡ್‌ನವ್ರಿಗೆ ಈ ತೊಂದ್ರೆ ಇಲ್ಲ.

ತೋಟಾ ತಗೊಳ್ಳುವಾಗ ಒಂದೇ ಲಾಟ್ ನಂಬರಿನ ಮೂರು ಡಬ್ಬಿ ತಗೊಳ್ಳಿ, ಎರಡು ರೇಂಜಲ್ಲಿ ಮುಗಿಸಿ, ಅದೂ ಬೆಂಚ್ ಮೇಲೆ ಕೂತಲ್ಲ, ನೆಲದ ಮೇಲೆ ಮಲಗಿ, ಬೆನ್ನುಚೀಲದ ಮೇಲೆ ಕೋವಿ ಇಟ್ಟು. ಮೊಣಕೈಗೆ ಪ್ಯಾಡ್ ಹಾಕ್ಕೊಂಡು ಹೋಗಿ, ಆ ಬಯಲಲ್ಲಿ ಹುಲ್ಲಿನ ಮಧ್ಯೆ ಪಾಪಾಸುಕಳ್ಳಿ ಕಾಣಲ್ಲ, ನನಗೆ ಗೊತ್ತಾಗಿದ್ದು ಕುದುರೆ ಮೇಲೆ ಬೆರಳಿಟ್ಟ ಮೇಲೇ.