ತುರ್ಪಾನ್‌ನ ದ್ರಾಕ್ಷಿಗೆ ನೀರು ಎಲ್ಲಿಂದ?

ಚೀನಾದ ಷಿನ್‌ಜಿಯಾಂಗ್‌ನಲ್ಲಿರುವ ತುರ್ಪಾನ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 16 ಮಿಲಿಮೀಟರ್. ನಮ್ಮಲ್ಲಿ ಒಂದೇ ಸಂಜೆಯ ಜೋರು ಮಳೆ ಇದಕ್ಕಿಂತ ಜಾಸ್ತಿ ಸುರಿಸುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಆದರೂ ಊರ ಸುತ್ತ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ!

ಉತ್ತರ ಬೇಕಾದರೆ ತಲೆ ಎತ್ತಿ ತಿಯಾನ್‌ಷಾನ್ ಬೆಟ್ಟಸಾಲನ್ನು ನೋಡಬೇಕು. ತುರ್ಪಾನ್ ಒಂದು ದೊಡ್ಡ ತಗ್ಗು. ಅದರ ತಳದ ಐಡಿಂಗ್ ಉಪ್ಪು ಸರೋವರ ಸಮುದ್ರ ಮಟ್ಟಕ್ಕಿಂತ 154 ಮೀಟರ್ ಕೆಳಗಿದೆ. ಅಲ್ಲಿಂದ ಸುಮಾರು 150 ಕಿಲೋಮೀಟರ್ ದೂರದಲ್ಲೇ 5,445 ಮೀಟರ್ ಎತ್ತರದ ಬೊಗ್ಡಾ ಶಿಖರವಿದೆ. ಪಶ್ಚಿಮದಿಂದ ಬರುವ ತೇವದ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ಮಳೆ, ಹಿಮ ಸುರಿಸುತ್ತದೆ. ಆಚೆ ಬದಿಗೆ ಇಳಿಯುವಾಗ ಅದರಲ್ಲಿ ತೇವ ಉಳಿದಿರುವುದಿಲ್ಲ. ಇಳಿಯುವ ಒಣಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯೇರುತ್ತದೆ. ತುರ್ಪಾನ್ ಇಷ್ಟು ಒಣಗಿರುವುದಕ್ಕೂ ಅಲ್ಲಿ ಹಸಿರು ಉಳಿದಿರುವುದಕ್ಕೂ ಈ ಬೆಟ್ಟವೇ ಕಾರಣ.

ಹುಲ್ಲುಗಾವಲು ಇರುವುದು ಬೆಟ್ಟದ ನಡುಮಟ್ಟದಲ್ಲಿ. ಕೆಳಗೆ ವಿಪರೀತ ಒಣ, ತುದಿಯಲ್ಲಿ ವಿಪರೀತ ಚಳಿ. ಮಧ್ಯದ ಪಟ್ಟಿಯಲ್ಲಿ ಮಾತ್ರ ಹುಲ್ಲು ಹುಲುಸಾಗಿ ಬೆಳೆಯುತ್ತದೆ. ಅಲ್ಲಿಗೆ ಹೋದವರು ಒಂದು ಸಂಗತಿ ಗಮನಿಸಬೇಕು. ಎಷ್ಟೋ ಕಣಿವೆಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಸೂಜಿಯಂಥ ಎಲೆಯ ಸ್ಪ್ರೂಸ್ ಮರಗಳ ಕಾಡಿದೆ, ಎದುರು ಬದಿಯಲ್ಲಿ ಬರೀ ಹುಲ್ಲು. ನೆರಳಿನ ಬದಿಯಲ್ಲಿ ಮಣ್ಣು ಬೇಗ ಒಣಗುವುದಿಲ್ಲ, ಹಾಗಾಗಿ ಮರ ಬದುಕುತ್ತದೆ. ಬಿಸಿಲು ನೇರ ಬೀಳುವ ಬದಿ ಹುಲ್ಲಿನ ಪಾಲು.

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ನೀರು ಬರುವ ಹೊತ್ತು. ಬೆಳೆಗೆ ಅತಿ ಹೆಚ್ಚು ನೀರು ಬೇಕಾಗುವುದು ಸುಡುಬಿಸಿಲಿನಲ್ಲಿ ಅಲ್ವಾ? ಹಿಮ ಜಾಸ್ತಿ ಕರಗುವುದೂ ಆಗಲೇ.

ಆ ನೀರು ಬೆಟ್ಟದ ಬುಡದ ಜಲ್ಲಿಕಲ್ಲಿನಲ್ಲಿ ಇಂಗಿಹೋಗುತ್ತದೆ. ಅದನ್ನು ಊರಿಗೆ ತರಲು ಉಯ್ಗುರ್ ರೈತರು ಕರೇಜ್‌ಗಳನ್ನು ತೋಡಿದರು. ಬೆಟ್ಟದ ಕಡೆಯ ಅಂತರ್ಜಲದಿಂದ ಹೊಲದವರೆಗೆ ಸಣ್ಣ ಇಳಿಜಾರಿನ ಸುರಂಗ, ಮಣ್ಣು ಎತ್ತಲು ಮತ್ತು ಗಾಳಿಯಾಡಲು ಸಾಲಾಗಿ ಬಾವಿಗಳು. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ನೆಲದಡಿಯಲ್ಲಿ ಇರುವುದರಿಂದ ಬಿಸಿಲಿಗೆ ಆರಿಹೋಗುವುದೂ ಕಡಿಮೆ. ಬೀದರಿನವರಿಗೆ ಇದು ಹೊಸತಲ್ಲ. ಬಹಮನಿ ಕಾಲದ ನೌಬಾದ್ ಕರೇಜ್ ಇದೇ ಜಾಣ್ಮೆಯದು, ಅಲ್ಲಿ ಮಾತ್ರ ಸುರಂಗವನ್ನು ಜಂಬಿಟ್ಟಿಗೆಯಲ್ಲಿ ಕೊರೆದಿದ್ದಾರೆ.

ತುರ್ಪಾನ್‌ನ ಒಣಗಾಳಿಯೂ ಸುಮ್ನೆ ವ್ಯರ್ಥವಾಗುವುದಿಲ್ಲ. ತೂತು ಬಿಟ್ಟು ಕಟ್ಟಿದ ಮಣ್ಣಿಟ್ಟಿಗೆಯ ಕೋಣೆಗಳಲ್ಲಿ ದ್ರಾಕ್ಷಿ ಗೊಂಚಲು ತೂಗುಹಾಕುತ್ತಾರೆ. ನೆರಳಲ್ಲೇ ಒಣಗುವುದರಿಂದ ಒಣದ್ರಾಕ್ಷಿ ಹಸಿರು ಬಣ್ಣ ಉಳಿಸಿಕೊಳ್ಳುತ್ತದೆ.

ಈಗ ಆತಂಕ ಎರಡು ಕಡೆಯಿಂದ ಬಂದಿದೆ. ಕೊಳವೆಬಾವಿಗಳು ಅಂತರ್ಜಲವನ್ನು ಕೆಳಕ್ಕೆ ಇಳಿಸಿದ್ದರಿಂದ ಎಷ್ಟೋ ಕರೇಜ್‌ಗಳು ಬತ್ತಿವೆ. ಮೇಲೆ ಹಿಮನದಿಗಳೇ ಕರಗುತ್ತಿವೆ. ಇದೇ ಬೆಟ್ಟಸಾಲಿನಲ್ಲಿ, ಉರುಂಚಿ ನಗರಕ್ಕೆ ಹತ್ತಿರವಿರುವ ಒಂದನೇ ನಂಬರಿನ ಹಿಮನದಿಯನ್ನು ವಿಜ್ಞಾನಿಗಳು 1959ರಿಂದ ಅಳೆಯುತ್ತಿದ್ದಾರೆ. ಕುಗ್ಗುತ್ತಾ ಹೋಗಿ 1993ರಲ್ಲಿ ಅದು ಎರಡು ತುಂಡಾಯಿತು. ಹಿಮನದಿ ಕರಗುವಾಗ ಕೆಲವು ಕಾಲ ಹೊಳೆಗಳಲ್ಲಿ ನೀರು ಹೆಚ್ಚಾಗುತ್ತದೆ. ಆ ವರ್ಷಗಳಲ್ಲಿ ರೈತರಿಗೆ ಕೊರತೆ ಕಾಣುವುದೇ ಇಲ್ಲ. ಮಂಜುಗಡ್ಡೆಯ ಗಾತ್ರ ತೀರಾ ಸಣ್ಣದಾದ ಮೇಲೆ ಹರಿವು ಇಳಿಯುತ್ತದೆ. ಮೊದಲು ಹೊಡೆತ ಬೀಳುವುದು ನಡುಬೇಸಿಗೆಗೆ, ಅಂದರೆ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ.