ಬೆವರು, ಅಡಿಕೆ ಮರ ಮತ್ತು ನೀರಿನ ಹಿಡಿತ

ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ಸಾಮಾನ್ಯವಾಗಿ 34–35ರ ಆಸುಪಾಸು. ಆದರೂ "ಎಂಥಾ ಸೆಕೆ ಮಾರಾಯ್ರೆ" ಅಂತ ಅಂಗಿಯನ್ನು ಬೆನ್ನಿನಿಂದ ಬಿಡಿಸಿಕೊಳ್ಳುವವರು ಮಂಗಳೂರಿನವರೇ. ಕಾರಣ, ಕಡಲ ಬದಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಮೈಯನ್ನು ತಂಪು ಮಾಡುವುದು ಸುರಿದಾಗ ಅಲ್ಲ, ಆರಿದಾಗ.

ಮುಂಗೈ ಒದ್ದೆ ಮಾಡಿ ಊದಿ ನೋಡಿ, ತಣ್ಣಗಾಗುತ್ತದೆ ಅಲ್ವಾ? ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಋಣ ವಿದ್ಯುತ್ತು, ಹೈಡ್ರೋಜನ್ ಕಡೆ ಸ್ವಲ್ಪ ಧನ. ಹಾಗಾಗಿ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಇದೇ ಹೈಡ್ರೋಜನ್ ಬಂಧ. ಈ ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರಲು ಅಣುವಿಗೆ ಶಾಖ ಬೇಕು, ಅದನ್ನು ನಮ್ಮ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲೊರಿ ಸಾಕು. ಅಷ್ಟೇ ನೀರು ಮೈಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ! ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭ ಸಿಗುವುದಿಲ್ಲ.

ನನಗೆ ಇನ್ನೂ ಬೆರಗು ಹುಟ್ಟಿಸುವುದು ಅಡಿಕೆ ಮರ. ಮೇಲಿಂದ ಹೀರುವ ಪಂಪು ನೀರನ್ನು ಸುಮಾರು 10 ಮೀಟರ್‌ಗಿಂತ ಎತ್ತರಕ್ಕೆ ತರಲಾರದು. ಅಡಿಕೆ ಮರ 15 ಮೀಟರ್ ದಾಟಿದರೂ ತುದಿಯ ಸೋಗೆಗೆ ನೀರು ತಲುಪುತ್ತದೆ. ಎಲೆಯ ಸಣ್ಣ ರಂಧ್ರಗಳಿಂದ ಒಂದಿಷ್ಟು ನೀರು ಆವಿಯಾದರೆ, ಅದೇ ಹಿಡಿತದಿಂದ ಹಿಂದಿನ ನೀರು ಮೇಲಕ್ಕೆ ಬರುತ್ತದೆ. ಆ ಸೆಳೆತ ಕಾಂಡದ ಸಪೂರ ನಾಳಗಳಲ್ಲಿ ಕೆಳಗೆ ಬೇರಿನ ತನಕ ಮುಟ್ಟುತ್ತದೆ. ಮರಕ್ಕೆ ಇದರಲ್ಲಿ ಶ್ರಮವೇ ಇಲ್ಲ, ದುಡಿಯುವುದು ಬಿಸಿಲು. 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಈ ವಿವರಣೆ ಮುಂದಿಟ್ಟರು. ನೀರಿನ ಎಳೆಯನ್ನು ಇಷ್ಟು ಜಗ್ಗಿದರೂ ತುಂಡಾಗದು ಎಂದರೆ ನಂಬುವುದು ಸುಲಭವಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ಈ ಎಳೆ 100 ಮೀಟರ್‌ಗಿಂತಲೂ ಉದ್ದ.

ಆದರೆ ಮಣ್ಣು ಒಣಗಿದರೆ ಬೇರಿಗೆ ನೀರು ಸಿಗುವುದಿಲ್ಲ, ಜಗ್ಗಾಟ ಜಾಸ್ತಿಯಾಗುತ್ತದೆ. ನಾಳದೊಳಗೆ ಗಾಳಿಯ ಗುಳ್ಳೆ ಹೊಕ್ಕರೆ ಎಳೆ ಕಡಿದುಹೋಗುತ್ತದೆ. ಅದಕ್ಕೇ ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವ ದಾರಿಯೂ ಅದೇ. ಅದಿಲ್ಲದೆ ಎಲೆಯಲ್ಲಿ ಆಹಾರ ತಯಾರಾಗುವುದಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ತಪ್ಪಿದಾಗ ಅಡಿಕೆ ಫಸಲು ಇಳಿಯಲು ಇದೂ ಒಂದು ಕಾರಣ.