ಕರೆಂಟ್ ಇಲ್ಲದ ದೂರದ ತೋಟಕ್ಕೆ ನೀರು ಸಾಗಿಸುವುದು ಹೇಗೆ?

ಪ್ರಶ್ನೆ: ಗುಡಿಬಂಡೆ ಕಡೆ ನಮಗೆ ಅರ್ಧ ಎಕರೆ ದಿನ್ನೆ ಜಮೀನಿದೆ. ಬೋರ್ ಇಲ್ಲ, ಕರೆಂಟ್ ಕಂಬವೂ ಹತ್ತಿರ ಇಲ್ಲ. ಮಾವು, ಹುಣಸೆ, ಸೀತಾಫಲ, ನೇರಳೆ ಸೇರಿ 40 ಸಸಿ ಇಟ್ಟಿದ್ದೇವೆ. ಸುಮಾರು 300 ಮೀಟರ್ ದೂರದಲ್ಲಿ ಒಂದು ಕುಂಟೆ, ಅಂದರೆ ಸಣ್ಣ ಕೆರೆ ಇದೆ. ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ಹೊತ್ತು ಹೊತ್ತು ಸಾಕಾಗಿದೆ. ಮೋಟರ್ ಇಲ್ಲದೆ ಬೇರೆ ದಾರಿ ಇದೆಯಾ? ಜೊತೆಗೆ ಒಂದಿಷ್ಟು ತರಕಾರಿಯನ್ನೂ ಬೆಳೆಯಬಹುದಾ?

ಉತ್ತರ: ಸಸಿಗಳನ್ನು ಉಳಿಸಿಕೊಳ್ಳಬಹುದು. ದಿನ್ನೆ ಮೇಲೆ ತರಕಾರಿ ಬೇಡ. ಅದು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಇದೇ ಪ್ರಶ್ನೆ ಪಾವಗಡದಿಂದಲೂ ಬರುತ್ತದೆ, ಶ್ರೀನಿವಾಸಪುರದಿಂದಲೂ ಬರುತ್ತದೆ. ಒಂದು ಮಾತು ಹೇಳಲೇಬೇಕು. ಪ್ರಶ್ನೆ ಕೇಳುವವರು ಹೆಚ್ಚಾಗಿ ಗಂಡಸರು, ಬಿಂದಿಗೆ ಹೊರುವವರು ಹೆಚ್ಚಾಗಿ ಮನೆಯ ಹೆಂಗಸರು. ಆದ್ದರಿಂದ ಮೊದಲು ಹೊರೆಯ ಲೆಕ್ಕ ಹಾಕೋಣ.

ನಾಟಿ ಮಾಡಿದ ಮೊದಲ ಬೇಸಿಗೆಯಲ್ಲಿ ಒಂದು ಸಸಿಗೆ ವಾರಕ್ಕೆ 12 ಲೀಟರ್ ಅಂತ ಇಟ್ಟುಕೊಳ್ಳಿ. 40 ಸಸಿಗೆ 480 ಲೀಟರ್ ಆಯಿತು. ತಲೆ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಅಂದರೆ ಒಂದು ಸಲಕ್ಕೆ 25 ಲೀಟರ್ ಹತ್ತಿರ. ವಾರಕ್ಕೆ ಸುಮಾರು 20 ಸಲ ಓಡಾಡಬೇಕು. ಹೋಗಿ ಬರುವ ದಾರಿ 600 ಮೀಟರ್ ಆದರೆ ಒಟ್ಟು 12 ಕಿಲೋಮೀಟರ್ ನಡಿಗೆ. ಅದರಲ್ಲಿ ಅರ್ಧ ಭಾರ ಹೊತ್ತು.

ಈಗ ಇನ್ನೊಂದು ಲೆಕ್ಕ ನೋಡಿ. ಹೊರುವವರ ತೂಕ 60 ಕಿಲೋ ಇರಲಿ. ಒಂದು ಸಲಕ್ಕೆ ಆ 60 ಕಿಲೋ ಹೋಗಬೇಕು, ಆ 60 ಕಿಲೋ ವಾಪಸ್ಸೂ ಬರಬೇಕು. ಇಷ್ಟಕ್ಕೆ ತೋಟ ಮುಟ್ಟುವುದು 25 ಕಿಲೋ ನೀರು. ಅಂದರೆ ಸಾಗಿಸಿದ ಭಾರದಲ್ಲಿ ನೀರಿನ ಪಾಲು ಆರರಲ್ಲಿ ಒಂದು. ಮಿಕ್ಕಿದ್ದೆಲ್ಲ ನಮ್ಮ ಮೈಭಾರವನ್ನು ನಾವೇ ಹೊತ್ತು ತಿರುಗಿದ್ದು.

ನೀರನ್ನು ಮೇಲಕ್ಕೆತ್ತುವುದಕ್ಕೆ ನಿಜವಾಗಿ ಬೇಕಾದ ಶಕ್ತಿ ತೀರಾ ಕಡಿಮೆ. ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 98 ಸಾವಿರ ಜೂಲ್ ಬೇಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಮೂರು ಗಂಟೆ ಉರಿದರೆ ಅಷ್ಟೇ ಖರ್ಚಾಗುತ್ತದೆ. ಹಾಗಾಗಿ ಆಳು ಒಂದೇ ಕಡೆ ನಿಲ್ಲಬೇಕು, ನೀರು ಮಾತ್ರ ಓಡಾಡಬೇಕು. ನಮ್ಮ ಹಳಬರ ಏತದಲ್ಲಿ ಇದೇ ಲೆಕ್ಕ ಇತ್ತು. ತೂಗುವ ಮರದ ತೊಲೆ ಮೇಲೆ ಆಳು ಹಿಂದೆ ಮುಂದೆ ನಡೆಯುತ್ತಿದ್ದ, ಅವನ ಮೈಭಾರವೇ ನೀರೆತ್ತುತ್ತಿತ್ತು. ಎತ್ತು ಕಟ್ಟಿ ನೀರೆಳೆಯುವ ಕಪಿಲೆ ಬಾವಿಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಮುಖವಾಗಿ ಓಡಿಸುತ್ತಿದ್ದದ್ದೂ ಇದಕ್ಕೇ. ಮಧುಗಿರಿ, ಪಾವಗಡ, ಶಿರಾ ಕಡೆಯ ತಲಪರಿಗೆಯಲ್ಲಂತೂ ಎತ್ತುವ ಕೆಲಸವೇ ಇರಲಿಲ್ಲ. ಮರಳು ಬಗೆದರೆ ಜಿನುಗುವ ನೀರು ಕಾಲುವೆಯಲ್ಲಿ ತಾನಾಗೇ ಹೊಲಕ್ಕೆ ಇಳಿಯುತ್ತಿತ್ತು.

ಆದ್ದರಿಂದ ಮೊದಲ ಕೆಲಸ ಮಟ್ಟ ನೋಡುವುದು. ಕುಂಟೆಯ ನೀರು ಮೇಲಿದೆಯೋ, ತೋಟ ಮೇಲಿದೆಯೋ? ಕಣ್ಣಂದಾಜು ನಂಬಬೇಡಿ. ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ನೀರಿನ ಟ್ಯೂಬು ಇರುತ್ತದೆ. ಅದನ್ನು ಇಸ್ಕೊಂಡು ಇಬ್ಬರು ಸೇರಿ ಹಂತ ಹಂತವಾಗಿ ಅಳೆದುಕೊಂಡು ಹೋಗಿ. ಒಂದು ಬೆಳಗಿನ ಕೆಲಸ. ಗುಡ್ಡದ ಸೀಮೆಯಲ್ಲಿ ದಾರಿ ಹತ್ತಿ ಇಳಿಯುವುದರಿಂದ ದಿನ್ನೆ ಅಂದುಕೊಂಡಿದ್ದು ಎಷ್ಟೋ ಸಲ ಕುಂಟೆಗಿಂತ ತಗ್ಗಿನಲ್ಲಿರುತ್ತದೆ.

ತೋಟ ತಗ್ಗಿನಲ್ಲಿದ್ದರೆ ನಿಮ್ಮ ಕಷ್ಟ ಮುಗಿದ ಹಾಗೆ. ಒಂದು ಕರಿ ಪೈಪು ಎಳೆದು ಸೈಫನ್ ಮಾಡಿ, ಅಂದರೆ ಪೈಪಿನ ತುಂಬ ನೀರು ತುಂಬಿಸಿ ಅದು ತಾನಾಗೇ ತಗ್ಗಿಗೆ ಹರಿಯುವ ಹಾಗೆ ಮಾಡಿ. 300 ಮೀಟರ್ ಉದ್ದ, 5 ಮೀಟರ್ ಇಳಿತ ಇದ್ದರೆ ಒಳ ಅಳತೆ ಪೂರ್ತಿ ಒಂದು ಇಂಚು ಇರುವ ಪೈಪಿನಲ್ಲಿ ಗಂಟೆಗೆ 900 ಲೀಟರ್ ಹತ್ತಿರ ಬರುತ್ತದೆ. ಅರ್ಧ ಇಂಚಿನದು ಹಾಕಿದರೆ ಬರುವುದು ಬರೀ 150 ಲೀಟರ್. ಪೈಪಿನ ಅಗಲ ಅರ್ಧಕ್ಕೆ ಇಳಿದರೆ ನೀರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಜುಗ್ಗತನ ಮಾಡಬೇಡಿ. ಶುರು ಮಾಡುವಾಗ ಕೆಳತುದಿ ಮುಚ್ಚಿ, ಮೇಲಿಂದ ನೀರು ತುಂಬಿ ಗಾಳಿಯೆಲ್ಲ ಹೊರಗೆ ಹೋಗಲು ಬಿಡಿ. ಮೇಲಿನ ತುದಿಯನ್ನು ಕೈಯಲ್ಲಿ ಮುಚ್ಚಿಕೊಂಡೇ ನೀರಲ್ಲಿ ಮುಳುಗಿಸಿ, ಆಮೇಲೆ ಎರಡೂ ಕಡೆ ಬಿಡಿ. ಪೈಪು ದಾರಿಯಲ್ಲಿ ಡುಬ್ಬ ಎದ್ದ ಕಡೆ ಗಾಳಿ ಕೂರುತ್ತದೆ, ಅಂಥ ಕಡೆ ನೆಲ ಕೆತ್ತಿ ಸಮ ಮಾಡಿ. ಬಾಯಿಗೆ ಒಂದು ಸೊಳ್ಳೆಪರದೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಇಲ್ಲವಾದರೆ ಗೊದಮೊಟ್ಟೆ ಬಂದು ಕೂರುತ್ತದೆ.

ತೋಟ ಎತ್ತರದಲ್ಲಿದ್ದರೆ ಕೈಪಂಪು ಬೇಕು. ಅದೂ ಒತ್ತುವ ಪಂಪು. ಊರ ಬೀದಿಯ ಬೋರಿನ ಪಂಪಿನ ಥರದ್ದು ಮೂತಿಯಿಂದ ಸುರಿಯುತ್ತದೆ, ಅಷ್ಟೆ. ಮುಂದೆ ಪೈಪಿನೊಳಗೆ ಮೇಲಕ್ಕೆ ತಳ್ಳುವುದಿಲ್ಲ. ಬ್ಯಾರೆಲ್‌ನಿಂದ ಡೀಸೆಲ್ ತೆಗೆಯಲು ಬಳಸುವ, ಹಿಡಿಕೆ ಅತ್ತಿತ್ತ ಆಡಿಸುವ ಪಂಪುಗಳಲ್ಲಿ ಒತ್ತುವಂಥವು ಸಿಗುತ್ತವೆ. ಕಾಲಲ್ಲಿ ತುಳಿಯುವ ಪಂಪಿನಲ್ಲೂ ಒತ್ತುವ ಮಾದರಿ ಇದೆ. ಅದು ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ತೋಳು ಸೋತಷ್ಟು ಬೇಗ ಕಾಲು ಸೋಲುವುದಿಲ್ಲ. ಯಾವುದೇ ಆಗಲಿ, ಎಷ್ಟು ಮೀಟರ್ ಎತ್ತರಕ್ಕೆ ತಳ್ಳುತ್ತದೆ ಅಂತ ಕೇಳಿಯೇ ತಗೊಳ್ಳಿ. 10 ಮೀಟರ್ ಏರು, 300 ಮೀಟರ್ ಒಂದಿಂಚು ಪೈಪು ಇದ್ದರೆ ನಿಮಿಷಕ್ಕೆ 10 ಲೀಟರ್ ತಳ್ಳಲು ಪೈಪಿನ ಎಳೆತವೂ ಸೇರಿ ಸುಮಾರು 12 ಮೀಟರ್ ಎತ್ತರಕ್ಕೆ ಏರಿಸುವಷ್ಟು ಒತ್ತಡ ಬೇಕು. ಪಂಪಿನಲ್ಲಿ ಅರ್ಧ ಶಕ್ತಿ ಪೋಲಾದರೂ ಆಳು ಕೊಡಬೇಕಾದ್ದು 40 ವ್ಯಾಟ್. ಆರೋಗ್ಯವಾಗಿರುವ ದೊಡ್ಡವರು ಇಷ್ಟನ್ನು ಒಂದು ಗಂಟೆ ಆರಾಮಾಗಿ ಕೊಡಬಲ್ಲರು. ಆಗ 480 ಲೀಟರ್ ಮೇಲೆ ಹೋಗಲು 48 ನಿಮಿಷ ಸಾಕು. ಆ 12 ಕಿಲೋಮೀಟರ್ ನಡಿಗೆಗೆ ಇದನ್ನು ಹೋಲಿಸಿ ನೋಡಿ.

ಪಂಪನ್ನು ನೀರಿನ ಪಕ್ಕದಲ್ಲೇ ಕೂರಿಸಿ, ತೋಟದಲ್ಲಿ ಅಲ್ಲ. ನೀರನ್ನು ಮೇಲಕ್ಕೆ ಹೀರುವುದಕ್ಕೆ ಒಂದು ಮಿತಿ ಇದೆ. ಸಮುದ್ರಮಟ್ಟದಲ್ಲಿ ಲೆಕ್ಕದ ಪ್ರಕಾರ 10 ಮೀಟರ್ ಚಿಲ್ಲರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಅದಕ್ಕಿಂತ 800–900 ಮೀಟರ್ ಎತ್ತರದಲ್ಲಿರುವುದರಿಂದ ಮಿತಿ 9ಕ್ಕೆ ಇಳಿಯುತ್ತದೆ. ಪಂಪಿನ ವಾಷರ್ ಸವೆದಿದ್ದರೆ 6 ಮೀಟರ್ ಹೀರಿದರೂ ದೊಡ್ಡದು. ತಳ್ಳುವುದಕ್ಕೆ ಅಂಥ ಮಿತಿ ಇಲ್ಲ.

ಪೈಪಿಗೆ ದುಡ್ಡಿಲ್ಲ, ಅಥವಾ ನಡುವೆ ಬೇರೆಯವರ ಹೊಲ ಇದೆ ಅನ್ನುವವರು ಚಕ್ರದ ಮೊರೆ ಹೋಗಬೇಕು. ದಕ್ಷಿಣ ಆಫ್ರಿಕಾದಲ್ಲಿ 1991ರಲ್ಲಿ ಹಿಪ್ಪೋ ರೋಲರ್ ಅಂತ ಒಂದನ್ನು ಮಾಡಿದರು. 90 ಲೀಟರ್ ಹಿಡಿಯುವ ಡ್ರಮ್ಮನ್ನೇ ನೆಲದ ಮೇಲೆ ಉರುಳಿಸಿಕೊಂಡು ಹೋಗುವುದು. ನಮ್ಮಲ್ಲಿ ಅಷ್ಟೆಲ್ಲ ಹುಡುಕಬೇಕಿಲ್ಲ. ಎರಡು ಚಕ್ರದ ಒಂದು ಕೈಗಾಡಿ ಸಾಕು. ಹಾಲಿನ 40 ಲೀಟರ್ ಕ್ಯಾನು ಎರಡು ಇಟ್ಟರೆ ಏರಿನಲ್ಲೂ ಒಬ್ಬರು ಎಳೆಯಬಹುದು. ಗಾರೆ ಕೆಲಸದ ಒಂಟಿ ಚಕ್ರದ ಗಾಡಿ ಬೇಡ, ನೀರು ಕುಲುಕಿದರೆ ಪಕ್ಕಕ್ಕೆ ಮಗುಚುತ್ತದೆ. ಭಾರ ಅಚ್ಚಿನ ಮೇಲೇ ಬರಬೇಕು, ಹಿಡಿಕೆ ಮೇಲಲ್ಲ. ಕ್ಯಾನನ್ನು ಪೂರ್ತಿ ತುಂಬಿ. ಅರ್ಧ ತುಂಬಿದ ನೀರೇ ಹೆಚ್ಚು ಕುಲುಕುವುದು. ಟೈರ್ ವಿಷಯದಲ್ಲಿ ಮಾತ್ರ ಹುಷಾರು. ಕುಂಟೆ ಸುತ್ತ ಬಳ್ಳಾರಿ ಜಾಲಿ ಬೆಳೆದಿದ್ದರೆ ಗಾಳಿ ತುಂಬುವ ಟೈರಿಗೆ ಉಳಿಗಾಲ ಇಲ್ಲ. ಗಟ್ಟಿ ರಬ್ಬರಿನದನ್ನೇ ಹಾಕಿಸಿ.

ಟಿವಿಎಸ್ ಎಕ್ಸೆಲ್‌ನಲ್ಲಿ ಕ್ಯಾನು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ದಾರಿ ಚೆನ್ನಾಗಿದ್ದರೆ ಸರಿ.

ನೀರು ಮೇಲೆ ಬಂದ ಮೇಲೆ ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಪಾಠ. ಟಾರ್ಪಾಲ್ ಹಾಸಿದ ಗುಂಡಿಯಲ್ಲಿ ನೀರು ತುಂಬಿಟ್ಟು ಮೇಲೆ ತೆರೆದು ಬಿಡುವವರು ಜಾಸ್ತಿ. ಏಪ್ರಿಲ್ ಬಿಸಿಲಿಗೆ ತೆರೆದ ನೀರು ದಿನಕ್ಕೆ 6–8 ಮಿಲಿಮೀಟರ್ ಆವಿಯಾಗುತ್ತದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಗುಂಡಿಯಾದರೆ ದಿನಕ್ಕೆ 28 ಲೀಟರ್ ಹತ್ತಿರ. ಅಂದರೆ ದಿನಾ ಎರಡು ಬಿಂದಿಗೆ ನೀರನ್ನು ಹೊತ್ತು ತಂದು ಬಿಸಿಲಿಗೆ ಕುಡಿಸಿದ ಹಾಗಾಯಿತು. ಮುಚ್ಚಳ ಇರುವ ಡ್ರಮ್ಮು ಅಥವಾ ಸಿಮೆಂಟ್ ತೊಟ್ಟಿ ಒಳ್ಳೆಯದು. ಸೊಳ್ಳೆ ಕಾಟವೂ ಇರುವುದಿಲ್ಲ.

ಸಸಿಯ ಬುಡದಲ್ಲೂ ಅಷ್ಟೆ. ಪಾತಿಗೆ ಸುಮ್ನೆ ಸುರಿದರೆ ಕೆಂಪು ಮಣ್ಣಿನ ಮೇಲ್ಪದರ ನೆನೆದು ಎರಡೇ ದಿನಕ್ಕೆ ಒಣಗುತ್ತದೆ. ಬುಡದಿಂದ ಒಂದೂವರೆ ಅಡಿ ದೂರಕ್ಕೆ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂಳಿ, ನೀರು ತುಂಬಿ, ಮುಚ್ಚಳ ಇಡಿ. ಮಣ್ಣು ಒಣಗಿದಷ್ಟೂ ಮಡಕೆ ನೀರು ಬಿಟ್ಟುಕೊಡುತ್ತದೆ, ಮಣ್ಣು ತೇವ ಇದ್ದರೆ ಹಿಡಿದುಕೊಳ್ಳುತ್ತದೆ. ಐದಾರು ಲೀಟರಿನ ಮಡಕೆಯನ್ನು ವಾರಕ್ಕೆ ಎರಡು ಸಲ ತುಂಬಿದರೆ ನಮ್ಮ 12 ಲೀಟರ್ ಲೆಕ್ಕ ಸರಿಹೋಗುತ್ತದೆ. ಉಪ್ಪಿನ ನೀರು, ಕೆಸರು ನೀರು ಹಾಕಿದರೆ ಮಡಕೆಯ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಬಟ್ಟೆಯಲ್ಲಿ ಸೋಸಿ ಹಾಕಿ. ಪಾತಿಗೆ ಕಡಲೆಕಾಯಿ ಹೊಟ್ಟು ಇಲ್ಲವೇ ಹೊಂಗೆ ಸೊಪ್ಪು ದಪ್ಪವಾಗಿ ಹರಡಿ. ಗೆದ್ದಲು ಹತ್ತದ ಹಾಗೆ ಕಾಂಡದಿಂದ ಒಂದು ಗೇಣು ಬಿಡಿ. ರಾಗಿ ಹುಲ್ಲು ಹಾಕಿ ಅಂತ ನಾನು ಹೇಳುವುದಿಲ್ಲ, ದನಕ್ಕೆ ಇರಲಿ.

ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ತೋಟದಲ್ಲಿ 10 ಅಡಿ, 20 ಅಡಿಯ ಒಂದು ತಗಡಿನ ಸೂರು ಇದ್ದರೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಲ್ಲಿ, ಸೋರಿ ಹೋದದ್ದನ್ನು ಕಳೆದು, 9 ಸಾವಿರ ಲೀಟರ್ ಹತ್ತಿರ ಸಿಗುತ್ತದೆ. ನಿಮ್ಮ 40 ಸಸಿಗೆ ಡಿಸೆಂಬರ್‌ನಿಂದ ಏಪ್ರಿಲ್ ಕೊನೆಯ ಭರಣಿ ಮಳೆವರೆಗೆ ಬೇಕಾಗುವುದು ಹತ್ತಿರ ಹತ್ತಿರ 10 ಸಾವಿರ. ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರೆ, ಹಸ್ತ ಮಳೆಯ ನೀರನ್ನು ಹಿಡಿದಿಡಲು ದೊಡ್ಡ ತೊಟ್ಟಿ ಬೇಕು, ಅದಕ್ಕೆ ಖರ್ಚಿದೆ. ಆದರೆ ಅರ್ಧ ಹಿಡಿದರೂ ಹೊರೆ ಅರ್ಧ ಆಯಿತಲ್ವಾ? ಹುಣಸೆ, ಸೀತಾಫಲ ಎರಡು ಬೇಸಿಗೆ ದಾಟಿದರೆ ಆಮೇಲೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ.

ಪೈಪು ಇಳಿಬಿಡುವ ಮುಂಚೆ ಕುಂಟೆ ಯಾರದ್ದು ಅಂತ ಕೇಳಿಕೊಳ್ಳಿ. ಪಂಚಾಯಿತಿಯದ್ದಾದರೆ ಅವರ ಒಪ್ಪಿಗೆ, ಯಾರದೋ ಕೃಷಿ ಹೊಂಡವಾದರೆ ಅವರ ಒಪ್ಪಿಗೆ. ಬಿಂದಿಗೆ ಕಂಡರೆ ಯಾರೂ ಏನೂ ಅನ್ನುವುದಿಲ್ಲ, ಪೈಪು ಕಂಡರೆ ಜಗಳ ಬರುತ್ತದೆ. ಕೋಲಾರದ ಕಡೆಯವರಿಗೆ ಇನ್ನೊಂದು ಮಾತು. 2018ರಿಂದ ಅಲ್ಲಿನ ಕೆರೆಗಳಿಗೆ ಬರುತ್ತಿರುವ ಕೆ.ಸಿ. ವ್ಯಾಲಿ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ್ದು, ಅಂತರ್ಜಲ ತುಂಬಲಿ ಅಂತ ಬಿಟ್ಟದ್ದು. ಅದನ್ನು ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಹಾಕಬೇಡಿ.

ಇನ್ನು ತರಕಾರಿ. ಬೇಸಿಗೆಯಲ್ಲಿ ತರಕಾರಿಗೆ ಒಂದು ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ಬೇಕು. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ದಿನಕ್ಕೆ 400–500 ಲೀಟರ್ ಆಯಿತು. ನಿಮ್ಮ 40 ಸಸಿ ಒಂದು ವಾರದಲ್ಲಿ ಕುಡಿಯುವುದನ್ನು ಒಂದು ಗುಂಟೆ ತರಕಾರಿ ಒಂದೇ ದಿನದಲ್ಲಿ ಕುಡಿಯುತ್ತದೆ. ಅದನ್ನು ದಿನಾ 300 ಮೀಟರ್ ಹೊರುವುದು ಯಾರ ಕೈಲೂ ಆಗದು. ಕುಂಟೆ ಯಜಮಾನರು ಒಪ್ಪಿದರೆ ಅದರ ಏರಿ ಕೆಳಗೇ ಹತ್ತಡಿ ಉದ್ದ, ನಾಲ್ಕಡಿ ಅಗಲದ ಎರಡು ಮಡಿ ಮಾಡಿ. ದಿನಕ್ಕೆ ಎರಡು ಮೂರು ಬಿಂದಿಗೆ ನೀರಲ್ಲಿ ಮನೆಗೆ ಬೇಕಾದಷ್ಟು ದಂಟು, ಮೆಂತ್ಯ, ಕೊತ್ತಂಬರಿ ಬರುತ್ತದೆ.